ಹೆರಿಗೆ ಕೋಣೆಯ ಸಿಮ್ಯುಲೇಷನ್ ತರಬೇತಿ: ಒಂದು ಗೊಂಬೆಗೆ ಎಷ್ಟು ಜನ ಎಂದು ಕೇಳಿಕೊಂಡು ಹೋಗಿ

ಊರು ಕುಂದಾಪುರ, ಮನೆ ಮುಲುಂಡ್. 19 ವರ್ಷಗಳಿಂದ ಮುಂಬಯಿಯ ಹೆರಿಗೆ ವಾರ್ಡುಗಳಲ್ಲಿ ನರ್ಸ್ ಆಗಿದ್ದೇನೆ. ನೋಂದಣಿ ನವೀಕರಣಕ್ಕೆ 5 ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶಿಕ್ಷಣ ಬೇಕು. ಅದರ ಬಹುಪಾಲನ್ನು ಇಷ್ಟು ದಿನ ರಾತ್ರಿ ಪಾಳಿ ಮುಗಿಸಿ ಬಂದು, ಸಭಾಂಗಣದ ತಂಪಿನಲ್ಲಿ ಪರದೆ ನೋಡುತ್ತಾ ಕಳೆದಿದ್ದೆ. ಕಳೆದ ತಿಂಗಳು ದಾದರ್ ಬಳಿಯ ಕೇಂದ್ರವೊಂದರ ಸಿಮ್ಯುಲೇಷನ್ ತರಬೇತಿಯಲ್ಲಿ ಮಾತ್ರ ಕಣ್ಣು ಎಳೆಯಲೇ ಇಲ್ಲ. ಗೊಂಬೆಯನ್ನೇ ರೋಗಿಯೆಂದುಕೊಂಡು ಮಾಡುವ ಅಭ್ಯಾಸ ಇದು.

ಹಾಸಿಗೆಯ ಮೇಲೆ ಬಾಣಂತಿಯ ಗೊಂಬೆ. ಮುಟ್ಟಿದರೆ ಗರ್ಭಕೋಶ ಮೆತ್ತಗೆ, ಕೆಳಗೆ ಕೆಂಪು ನೀರು ಹರಿಯುತ್ತಿದೆ. ತಂಡದ ಮುಂದಾಳು ನಾನು. ಗರ್ಭಕೋಶಕ್ಕೆ ಮಸಾಜ್ ಮಾಡಿದೆ, ಗರ್ಭಕೋಶ ಬಿಗಿಯಾಗಲೆಂದು ಆಕ್ಸಿಟೋಸಿನ್ ಔಷಧಿಯ ಡ್ರಿಪ್ ಹಾಕಿಸಿದೆ, ಮೂತ್ರಕೋಶ ಖಾಲಿ ಮಾಡಿಸಿದೆ. ರಕ್ತ ಎಷ್ಟು ಹೋಗಿದೆ ಎಂದು ಬೋಧಕಿ ಕೇಳಿದಾಗ ತಡವರಿಸದೆ "300 ಮಿ.ಲೀ." ಎಂದೆ. ವಿಜಯಪುರದ ಕಡೆಯ ಹುಡುಗಿಯೊಬ್ಬಳು, ಕೆಲಸಕ್ಕೆ ಸೇರಿ 2 ವರ್ಷವಾಗಿರಬಹುದು, ನೆನೆದ ಪ್ಯಾಡುಗಳನ್ನೂ ಸೊಂಟದಡಿಯ ಬಟ್ಟೆಯನ್ನೂ ತಕ್ಕಡಿಗಿಟ್ಟು, ಒಣಗಿದ್ದಾಗಿನ ತೂಕ ಕಳೆದು ಮೆಲ್ಲಗೆ ಹೇಳಿದಳು: "ಅಕ್ಕಾ, 720 ಗ್ರಾಂ." ಒಂದು ಗ್ರಾಂ ಎಂದರೆ ಹೆಚ್ಚು ಕಡಿಮೆ ಒಂದು ಮಿ.ಲೀ. ಸಹಜ ಹೆರಿಗೆಯಲ್ಲಿ 500 ದಾಟಿದರೆ ಅತಿ ರಕ್ತಸ್ರಾವವೆಂದು ಕಿರಿಯರಿಗೆ ಹೇಳಿಕೊಡುವವಳು ನಾನೇ. ಕೈ ತಣ್ಣಗಾಯಿತು.

ಅಭ್ಯಾಸ 12 ನಿಮಿಷ, ಅದರ ಮೇಲಿನ ಚರ್ಚೆ 40 ನಿಮಿಷ. ಕೊಟ್ಟ 1,800 ರೂಪಾಯಿ ಸಾರ್ಥಕವಾದದ್ದು ಈ ಚರ್ಚೆಯಿಂದ. ತಪ್ಪು ಯಾರದೆಂದು ಬೋಧಕಿ ಹುಡುಕಲಿಲ್ಲ. "ಆಗ ನಿಮಗೆ ಏನು ಕಾಣಿಸುತ್ತಿತ್ತು?" ಎಂದು ಕೇಳಿ ಸುಮ್ಮನಾದರು, ಉಳಿದದ್ದನ್ನು ನಾವು ನಾವೇ ಮಾತಾಡಿಕೊಂಡೆವು. ತೂಗಬೇಕೆಂದು ಆ ಹುಡುಗಿಗೆ ಮೊದಲೇ ಅನ್ನಿಸಿತ್ತಂತೆ. ಹಿರಿಯರು ಮುಂದೆ ನಿಂತಿರುವಾಗ ಹೇಗೆ ಎಂದು ಹಿಂಜರಿದಳಂತೆ. ನಮ್ಮ ವಾರ್ಡಿನಲ್ಲಿ ನನ್ನೆದುರು ಹೀಗೆ ಬಾಯಿ ಕಟ್ಟಿಕೊಂಡವರು ಎಷ್ಟು ಮಂದಿಯೋ ಎಂಬ ಯೋಚನೆಯಲ್ಲೇ ಲೋಕಲ್ ಹತ್ತಿದೆ.

ಕೊರತೆಯನ್ನೂ ಹೇಳಬೇಕು. ಒಂದೇ ಗೊಂಬೆಗೆ 14 ಮಂದಿ. ಊಟದ ನಂತರದ ತಂಡಕ್ಕೆ ಹೊತ್ತು ಸಾಲದೆ ಚರ್ಚೆಯನ್ನು 10 ನಿಮಿಷಕ್ಕೆ ಮೊಟಕುಗೊಳಿಸಿದರು. ಅವರೂ ಅಷ್ಟೇ ಶುಲ್ಕ ಕೊಟ್ಟವರು, ಇದು ಅನ್ಯಾಯ. ಗುಂಪಿನಲ್ಲಿ 6 ಮಂದಿಗಿಂತ ಹೆಚ್ಚಿದ್ದರೆ ಬೇರೆ ದಿನ ಕೇಳಿ, ಸಿಗದಿದ್ದರೆ ಬೆಳಗಿನ ತಂಡಕ್ಕೆ ಹೆಸರು ಕೊಡಿ. ಬೋಧನೆ ಹಿಂದಿ, ಮರಾಠಿಯಲ್ಲಿ.

ನಮ್ಮ ಹೆರಿಗೆ ಕೋಣೆಗೆ ಈಗ ಒಂದು ತಕ್ಕಡಿ ಬಂದಿದೆ. ಒಣ ಪ್ಯಾಡಿನ ತೂಕ ಬರೆದ ಚೀಟಿ ಅದರ ಪಕ್ಕದ ಗೋಡೆಯ ಮೇಲಿದೆ. ಪಾಳಿಯಲ್ಲಿ ಎಲ್ಲರಿಗಿಂತ ಕಿರಿಯಳು ತೂಗುತ್ತಾಳೆ. ಅವಳು ಹೇಳಿದ ಅಂಕಿಯನ್ನು ನಾನು ಗಟ್ಟಿಯಾಗಿ ಮರಳಿ ಹೇಳುತ್ತೇನೆ.