ಪುಣೆಯಲ್ಲಿದ್ದು ಧಾರವಾಡದಲ್ಲಿ ಬಾಡಿಗೆ ಕೋಣೆ ಕಟ್ಟಿಸಿದ ಅನುಭವ: ದಲ್ಲಾಳಿ, ವಕೀಲ, ಗುತ್ತಿಗೆದಾರರ ವಿಮರ್ಶೆ

ಧಾರವಾಡದ ಸಪ್ತಾಪುರದ ಆಸುಪಾಸಿನಲ್ಲಿ ಒಂದು ಹಳೆಯ ಹಂಚಿನ ಮನೆಯನ್ನು ಕೊಂಡು, ಅದರ ಹಿತ್ತಲಿನಲ್ಲಿ ಆರು ಬಾಡಿಗೆ ಕೋಣೆಗಳನ್ನು ಕಟ್ಟಿಸುವುದಕ್ಕೆ ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ನಾವಿಬ್ಬರೂ ನೌಕರಿಯ ಮೇಲೆ ಪುಣೆಯಲ್ಲಿದ್ದೇವೆ. ಅಲ್ಲಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಸುಮಾರು 420 ಕಿಲೋಮೀಟರ್ ದಾರಿ, ತಿಂಗಳಿಗೆ ಒಂದು ಸಲ ಬಂದು ಹೋಗುವುದೇ ಹೆಚ್ಚು. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಹುಡುಗ ಹುಡುಗಿಯರು ಬಂದು ನೆಲೆಸುವ ಬಡಾವಣೆಯಾದ್ದರಿಂದ ಬಾಡಿಗೆದಾರರ ಚಿಂತೆ ನಮಗಿರಲಿಲ್ಲ. ಊರಿನಲ್ಲಿ ನಮ್ಮ ಪರವಾಗಿ ನಿಲ್ಲುವವರು ಯಾರು ಎಂಬುದೇ ಚಿಂತೆಯಾಗಿತ್ತು. ಈ ಅವಧಿಯಲ್ಲಿ ನಾವು ದುಡ್ಡು ಕೊಟ್ಟು ಪಡೆದ ಸೇವೆಗಳಲ್ಲಿ ಯಾವುದು ಕೊಟ್ಟ ದುಡ್ಡಿಗೆ ತಕ್ಕದ್ದಾಗಿತ್ತು, ಯಾವುದು ಆಗಿರಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಗುತ್ತಿಗೆದಾರರನ್ನು ಹುಡುಕಿಕೊಡುವ ಒಂದು ಜಾಲತಾಣದಲ್ಲಿ ಮೊಬೈಲ್ ನಂಬರು ಕೊಟ್ಟ ಅರ್ಧ ಗಂಟೆಯೊಳಗೆ ಹನ್ನೊಂದು ಕರೆಗಳು ಬಂದವು. ಅವರಲ್ಲಿ ನಾಲ್ವರು ಬೆಂಗಳೂರಿನವರು, ಒಬ್ಬರಂತೂ ಸಪ್ತಾಪುರ ಎಲ್ಲಿದೆ ಎಂದು ನನ್ನನ್ನೇ ಕೇಳಿದರು. ಆ ನಂಬರಿಗೆ ಇಂದಿಗೂ ಮಾಡ್ಯುಲರ್ ಅಡುಗೆಮನೆಯ ಕರೆಗಳು ಬರುತ್ತಿವೆ. ಐದಕ್ಕೆ ಒಂದು ಅಂಕವನ್ನೂ ಕೊಡಲಾರೆ.

ಮನೆ ತೋರಿಸಿದ ದಲ್ಲಾಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು ಖಾರವಾಗಿಲ್ಲ. ಯಾವ ಓಣಿಯಿಂದ ತರಬೇತಿ ಕೇಂದ್ರಕ್ಕೆ ನಡೆದು ಹೋಗಬಹುದು, ಯಾವ ಕಡೆ ನೀರಿನ ತಾಪತ್ರಯವಿದೆ, ಹೆಣ್ಣುಮಕ್ಕಳ ಪಾಲಕರು ಎಂಥ ಮನೆ ಕೇಳುತ್ತಾರೆ ಎಂಬುದೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು, ಮತ್ತು ಆ ತಿಳಿವಳಿಕೆಗೆ ಶೇ 1ರ ದಲಾಲಿ ಹೆಚ್ಚೇನೂ ಅಲ್ಲ. ಆದರೆ 2016ರ ರೇರಾ (ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಡಿ ಏಜೆಂಟರು ನೋಂದಣಿ ಮಾಡಿಸಬೇಕಾಗಿರುವುದು ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ನಿವೇಶನ, ಫ್ಲ್ಯಾಟ್ ಮಾರುವುದಕ್ಕೆ. ನಮ್ಮಂತೆ ಒಬ್ಬರ ಹಳೆಯ ಮನೆಯನ್ನು ಕೊಳ್ಳುವವರಿಗೂ, ಸ್ವಂತ ಜಾಗದಲ್ಲಿ ನಾಲ್ಕಾರು ಕೋಣೆ ಕಟ್ಟಿಸುವವರಿಗೂ ಆ ಕಾಯ್ದೆಯ ಆಸರೆ ಸಿಗುವುದಿಲ್ಲ. ಹೀಗಾಗಿ ‘ಕಾಗದ ಪತ್ರ ಎಲ್ಲಾ ಕ್ಲಿಯರ್ ಅದಾವ್ರಿ’ ಎಂಬ ದಲ್ಲಾಳಿಯ ಮಾತನ್ನು ಮಾತೆಂದೇ ತಿಳಿಯಬೇಕು.

ಆ ಕಾಗದ ಪತ್ರಗಳನ್ನು ನೋಡುವುದಕ್ಕೆ ದಲ್ಲಾಳಿ ಸೂಚಿಸಿದವರನ್ನು ಬಿಟ್ಟು ಬೇರೆ ವಕೀಲರನ್ನು ಹಿಡಿದಿದ್ದು ನಾವು ಮಾಡಿದ ಮೊದಲ ಜಾಣತನ. ಸಿಟಿಎಸ್ ಉತಾರದಲ್ಲಿ (ನಗರ ಸರ್ವೆಯ ಆಸ್ತಿ ದಾಖಲೆಯಲ್ಲಿ) ಇಬ್ಬರು ಅಣ್ಣತಮ್ಮಂದಿರ ಹೆಸರಿತ್ತು. ಉಪನೋಂದಣಿ ಕಚೇರಿಯಿಂದ ತೆಗೆಸಿದ ಮೂವತ್ತು ವರ್ಷಗಳ ಋಣಭಾರ ಪತ್ರದಲ್ಲಿಯೂ ಯಾವ ತಕರಾರು ಕಾಣಲಿಲ್ಲ. ವಕೀಲರು ಎರಡನ್ನೂ ಬದಿಗಿಟ್ಟು ವಂಶವೃಕ್ಷ ಕೇಳಿದರು. ಅದರಲ್ಲಿ ಬೆಳಗಾವಿಗೆ ಮದುವೆಯಾಗಿ ಹೋದ ಒಬ್ಬ ತಂಗಿಯಿದ್ದರು. ಮೃತ್ಯುಪತ್ರ ಬರೆಯದೆ ತೀರಿಕೊಂಡ ತಂದೆಯ ಮನೆ ಸ್ವಯಾರ್ಜಿತವಿರಲಿ, ಪಿತ್ರಾರ್ಜಿತವಿರಲಿ, ಅದರಲ್ಲಿ ಮಗಳಿಗೂ ಪಾಲಿರುತ್ತದೆ. ಋಣಭಾರ ಪತ್ರವಾದರೋ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ, ನೋಂದಣಿಯಾಗದ ಹಕ್ಕುಗಳನ್ನು ತೋರಿಸುವುದಿಲ್ಲ. ‘ಅವರು ಬ್ಯಾಡ ಅಂತ ಬಾಯಿಲೆ ಹೇಳ್ಯಾರ್ರಿ’ ಎಂದು ದಲ್ಲಾಳಿ ಎಷ್ಟು ಒತ್ತಾಯಿಸಿದರೂ ವಕೀಲರು ಸಂಚಕಾರದ (ಮುಂಗಡದ) ದುಡ್ಡು ಕೊಡಗೊಡಲಿಲ್ಲ. ಒಂದು ತಿಂಗಳು ತಡವಾಯಿತು, ಆ ತಂಗಿ ಬಂದು ತಮ್ಮ ಪಾಲಿನ ಹಣ ಪಡೆದು ಖರೀದಿ ಪತ್ರಕ್ಕೆ ಸಹಿ ಹಾಕಿದರು. ಬೆಲೆ 50 ಲಕ್ಷ ದಾಟಿದ್ದರಿಂದ ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಮುರಿದುಕೊಂಡು ನಾವೇ ಕಟ್ಟಬೇಕೆಂದು ನೆನಪಿಸಿದವರೂ ವಕೀಲರೇ. ಐದಕ್ಕೆ ಐದು, ಫೋನ್ ಎತ್ತುವುದಿಲ್ಲ ಎಂಬ ದೂರನ್ನು ಹೊಟ್ಟೆಗೆ ಹಾಕಿಕೊಂಡು.

ಇಷ್ಟೆಲ್ಲ ಎಚ್ಚರ ವಹಿಸಿದ ನಾವು ಗುತ್ತಿಗೆದಾರರ ವಿಷಯದಲ್ಲಿ ಎಡವಿದೆವು. ಮೊದಲನೆಯವರು ದೊಡ್ಡ ಕಾರಿನಲ್ಲಿ ಬಂದು, ಟ್ಯಾಬ್ ತೆರೆದು ಮನೆಯ ಮುಂಭಾಗದ ಬಣ್ಣಬಣ್ಣದ ಚಿತ್ರ ತೋರಿಸಿ, ಎಲ್ಲರಿಗಿಂತ ಕಡಿಮೆ ಚದರಡಿ ದರ ಹೇಳಿದರು. ಮುಂಗಡವಾಗಿ ಮಾತ್ರ ಒಟ್ಟು ಮೊತ್ತದ ಶೇ 30 ಕೇಳಿದರು, ನಾವು ಕೊಟ್ಟೆವು. ಪಾಯದ ಗುಂಡಿಗಳನ್ನು ಮೂರಡಿ ಅಗೆದಲ್ಲಿಗೆ ಕೆಲಸ ನಿಂತಿತು, ಆದರೆ ಪ್ರತಿ ಶನಿವಾರ ವಾಟ್ಸಾಪಿಗೆ ಫೋಟೋಗಳು ಬರುತ್ತಲೇ ಇದ್ದವು. ಏಳನೆಯ ವಾರದ ಫೋಟೋದಲ್ಲಿ ಎದ್ದು ನಿಂತ ಕಂಬಗಳ ಹಿಂದೆ ಒಂದು ತೆಂಗಿನ ಮರವಿತ್ತು. ನಮ್ಮ ಹಿತ್ತಲಿನಲ್ಲಿ ಇರುವುದು ಒಂದು ಪೇರಲ ಗಿಡ ಮಾತ್ರ. ಮುಂಗಡದಲ್ಲಿ ಸುಮಾರು ಅರ್ಧದಷ್ಟು ಮರಳಿ ಬಂತು, ಉಳಿದದ್ದಕ್ಕೆ ನೋಟಿಸ್ ಕೊಡಿಸಿ ಕಾಯುತ್ತಿದ್ದೇವೆ.

ಆ ದಿನಗಳಲ್ಲಿ, ಬೇರೆ ಏನೂ ತೋಚದೆ, ಅದೇ ರಸ್ತೆಯ ಸಿಮೆಂಟು ಮತ್ತು ಕಬ್ಬಿಣದ ಅಂಗಡಿಯ ಮಾಲೀಕರನ್ನು ಒಬ್ಬ ಒಳ್ಳೆಯ ಗುತ್ತಿಗೆದಾರರ ಹೆಸರು ಹೇಳಿರೆಂದು ಕೇಳಿದೆ. ‘ಯಾರು ಛಲೋ ಅಂತ ನಾ ಹೇಳಂಗಿಲ್ರಿ ಅಕ್ಕಾರ, ಯಾರಿಗೆ ಉದ್ರಿ ಕೊಡ್ತೀನಿ ಅನ್ನೂದು ಹೇಳ್ತೀನಿ’ ಎಂದು ಅವರು ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಗಿರಾಕಿಯಿಂದ ಹಣ ಬಂದ ವಾರದಲ್ಲೇ ಅಂಗಡಿಯ ಬಾಕಿ ತೀರಿಸುವವರು, ಹೊಸ ಗಿರಾಕಿಯ ಮುಂಗಡದಿಂದ ಹಳೆಯ ಕೆಲಸದ ಸಾಲ ತೀರಿಸುವವರು, ಅಂಗಡಿ ಬದಲಿಸುತ್ತ ತಿರುಗುವವರು, ಎಲ್ಲರೂ ಅದರಲ್ಲಿದ್ದರು. ದೊಡ್ಡ ಕಾರಿನಲ್ಲಿ ಬಂದಿದ್ದ ನಮ್ಮ ಗುತ್ತಿಗೆದಾರರು ಎರಡು ವರ್ಷದ ಹಿಂದೆಯೇ ಆ ಪುಸ್ತಕದಿಂದ ಹೊರಬಿದ್ದಿದ್ದರು. ಯಾವ ಜಾಲತಾಣದ ನಕ್ಷತ್ರಗಳೂ ಇಷ್ಟು ಸ್ಪಷ್ಟವಾಗಿ ಮಾತನಾಡಲಾರವು, ಏಕೆಂದರೆ ಇಲ್ಲಿ ಅಂಕ ಕೊಡುವವನು ತನ್ನ ಸ್ವಂತ ಹಣವನ್ನು ಒತ್ತೆಯಿಟ್ಟು ಕೊಡುತ್ತಾನೆ. ಅಂಗಡಿಯವರಿಗೂ ಸ್ವಾರ್ಥವಿದೆ, ಅವರು ಹೆಸರಿಸಿದ ಗುತ್ತಿಗೆದಾರರು ಸಾಮಾನನ್ನು ಅವರಲ್ಲಿಯೇ ಕೊಳ್ಳುತ್ತಾರೆ ಎಂಬುದು ನಿಜ. ಅದಕ್ಕಾಗಿ ಬೇರೆ ಎರಡು ಅಂಗಡಿಗಳಲ್ಲಿ ಸಿಮೆಂಟಿನ ದರ ವಿಚಾರಿಸಿದೆ, ಚೀಲಕ್ಕೆ ನಾಲ್ಕಾರು ರೂಪಾಯಿಯ ಅಂತರ ಮಾತ್ರ ಕಂಡಿತು.

ಹೀಗೆ ಸಿಕ್ಕ ಮೂರು ಹೆಸರುಗಳಲ್ಲಿ ಒಬ್ಬರು ಮೂವತ್ತು ವರ್ಷ ಗೌಂಡಿ (ಗಾರೆ) ಕೆಲಸ ಮಾಡಿ ಗುತ್ತಿಗೆದಾರರಾದವರು. ಅವರು ದರ ಹೇಳುವುದಕ್ಕೆ ಮೊದಲು ಗುಂಡಿಗೆ ಇಳಿದು, ಮುಷ್ಟಿಯಲ್ಲಿ ಮಣ್ಣು ಹಿಡಿದು, ಇದು ಎರಿ, ಗರಸು (ಗಟ್ಟಿ ಜಲ್ಲಿಮಣ್ಣಿನ ಪದರ) ಹತ್ತುವ ತನಕ ಇನ್ನೂ ಅಗೆಯಬೇಕು, ಅದರ ಖರ್ಚು ಬೇರೆ ಎಂದರು. ಹುಬ್ಬಳ್ಳಿ-ಧಾರವಾಡದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ನಿಲ್ಲಿಸಿದ ಗೋಡೆಗಳು ಸೀಳುತ್ತವೆಂಬುದು ಇಲ್ಲಿನವರೆಲ್ಲ ಬಲ್ಲ ಸಂಗತಿಯಾದರೂ, ಹಿಂದಿನವರ ಅಂದಾಜುಪಟ್ಟಿಯಲ್ಲಿ ಮಣ್ಣಿನ ಸುದ್ದಿಯೇ ಇರಲಿಲ್ಲ. ಐದೂವರೆ ಅಡಿಗೆ ಗರಸು ಸಿಕ್ಕಿತು.

ಸ್ಲ್ಯಾಬ್ ಹಾಕುವ ದಿನ ನಾನು ರಜೆ ಹಾಕಿ ಬಂದಿದ್ದೆ. ಕಾಂಕ್ರೀಟು ಸುರಿಯುವ ಮುನ್ನ ಅವರು ಬರಿಗಾಲಿನಲ್ಲಿ ಸರಳುಗಳ ಮೇಲೆ ಮೂಲೆಯಿಂದ ಮೂಲೆಗೆ ನಡೆದು, ಸರಳು ಹಲಗೆಗೆ ತಾಗಿದ ಕಡೆಯಲ್ಲೆಲ್ಲ ಬಗ್ಗಿ, ಜೇಬಿನಿಂದ 20 ಮಿಲಿಮೀಟರಿನ ಕವರ್ ಬ್ಲಾಕ್ ತೆಗೆದು ಕೆಳಗೆ ಸೇರಿಸಿದರು. ಈ ಅಂತರವಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಕಬ್ಬಿಣ ತುಕ್ಕು ಹಿಡಿದು ಚಾವಣಿಯ ಪ್ಲಾಸ್ಟರ್ ಉದುರುತ್ತದೆ. ಮಾರನೆಯ ದಿನ ಸ್ಲ್ಯಾಬಿನ ಮೇಲೆ ಪಾತಿ ಕಟ್ಟಿ, ಎರಡು ವಾರ ನೀರು ನಿಲ್ಲಿಸಿದರು. ಪ್ರತಿ ಹಂತದ ಬಿಲ್ಲು ಪಾವತಿಸುವ ಮೊದಲು ಬಂದು ನೋಡಲು, ಭೇಟಿಗಿಷ್ಟು ಎಂದು ಮಾತಾಡಿಕೊಂಡು, ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರರನ್ನೂ ಗೊತ್ತು ಮಾಡಿದ್ದೆವು. ಅವರು ಒಟ್ಟು ಏಳು ಸಲ ಬಂದರು. ಶೌಚಾಲಯಗಳ ತಗ್ಗಿನ ಸ್ಲ್ಯಾಬಿನಲ್ಲಿ ಎರಡು ದಿನ ನೀರು ತುಂಬಿಸಿಟ್ಟು ಸೋರಿಕೆ ನೋಡಿಯೇ ಟೈಲ್ಸ್ ಹಾಕಲು ಒಪ್ಪಿಗೆ ಕೊಟ್ಟರು. ದೂರದಲ್ಲಿರುವವರು ಬೇರೆ ಯಾವ ಖರ್ಚು ಉಳಿಸಿದರೂ ಇದೊಂದನ್ನು ಉಳಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಗೌಂಡಿಗಳ ಗುತ್ತಿಗೆಯಲ್ಲಿ ದೋಷಗಳಿಲ್ಲವೆಂದಲ್ಲ. ಲೆಕ್ಕವೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ, ವಾಟ್ಸಾಪಿಗೆ ಉತ್ತರ ಮೂರು ದಿನಕ್ಕೆ. ಮೇಲಿನ ಎರಡು ಕೋಣೆಗಳಲ್ಲಿ ಮಂಚದ ಪಕ್ಕದ ಪ್ಲಗ್ ಪಾಯಿಂಟ್ ಮರೆತು ಗೋಡೆಯನ್ನು ಮತ್ತೆ ಒಡೆಯಬೇಕಾಯಿತು. ನಾಗರಪಂಚಮಿಗೆಂದು ಊರಿಗೆ ಹೋದ ಆಳುಗಳು ಹನ್ನೊಂದು ದಿನ ಬರಲೇ ಇಲ್ಲ. ಆದರೂ ಮೊದಲ ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಂಡ ಶೇ 5ರ ಬಗ್ಗೆ ಅವರು ಒಮ್ಮೆಯೂ ತಕರಾರು ಮಾಡಲಿಲ್ಲ, ಜೂನಿನಲ್ಲಿ ಪ್ಯಾರಪಿಟ್ಟಿನ ಸಂದಿನಲ್ಲಿ ತೇವ ಕಂಡಾಗ ತಾವೇ ಬಂದು ಸರಿ ಮಾಡಿಕೊಟ್ಟರು. ಐದಕ್ಕೆ ನಾಲ್ಕು.

ಕೊನೆಯದಾಗಿ, ಈಗ ಕೋಣೆಗಳ ಕೀಲಿ ಇರುವುದು ಎದುರಿನ ಓಣಿಯಲ್ಲಿ ಖಾನಾವಳಿ ನಡೆಸುವ ಕಾಕು ಅವರ ಕೈಯಲ್ಲಿ. ಯಾವ ವಿದ್ಯಾರ್ಥಿ ಊಟದ ದುಡ್ಡನ್ನು ತಿಂಗಳ ಮೊದಲ ವಾರದಲ್ಲಿ ಕೊಡುತ್ತಾನೆಂಬುದು ಅವರಿಗೆ ಗೊತ್ತಿರುವುದರಿಂದ ಬಾಡಿಗೆದಾರರನ್ನು ಅವರೇ ಆರಿಸುತ್ತಾರೆ, ಪ್ರತಿ ಹೊಸ ಬಾಡಿಗೆದಾರನಿಗೆ ಅರ್ಧ ತಿಂಗಳ ಬಾಡಿಗೆಯನ್ನು ನಾವು ಅವರಿಗೆ ಕೊಡುತ್ತೇವೆ. ಮುಂಭಾಗದ ಹಳೆಯ ಮನೆಯ ಹಂಚು ಇಳಿಸಿ ಜಂತಿ ಬದಲಿಸುವ ಕೆಲಸವನ್ನು ಬರುವ ಬೇಸಿಗೆಗೆ ಅದೇ ಗುತ್ತಿಗೆದಾರರಿಗೆ ಒಪ್ಪಿಸಿದ್ದೇವೆ. ಪಂಚಮಿಯ ಮೊದಲೇ ಮುಗಿಯಬೇಕೆಂಬುದನ್ನು ಈ ಸಲ ಕರಾರು ಪತ್ರದಲ್ಲಿಯೇ ಬರೆಸಿದ್ದೇವೆ.