ಅಪ್ಪನ 180 ಸಿಡಿ, ಒಂದು ಫ್ರೀ ಸಾಫ್ಟ್‌ವೇರ್

ಮನೇಲಿ ಅಪ್ಪನ ಕಾಲದ ಸುಮಾರು 180 ಸಿಡಿ ಇದ್ವು, ಭಾವಗೀತೆ, ದಾಸರ ಪದ, ಒಂದಿಷ್ಟು ಕಛೇರಿ ರೆಕಾರ್ಡಿಂಗು. ಪ್ಲೇಯರ್ ಕೆಟ್ಟು ಯಾವ್ದೋ ಕಾಲ ಆಯ್ತು. ಕಂಪ್ಯೂಟರ್ ಫೈಲ್ ಮಾಡಿಸೋಣ ಅಂತ ಮೊದ್ಲು ಒಂದು ಅಂಗಡಿಗೆ 20 ಸಿಡಿ ಕೊಟ್ಟೆ, ಫ್ಲ್ಯಾಕ್ (ಸೌಂಡ್ ಒಂಚೂರೂ ಕಳ್ಕೊಳ್ದೆ ಸೈಜ್ ಇಳಿಸೋ ಫೈಲ್) ಮಾಡ್ಕೊಡ್ತೀವಿ ಅಂದ್ರು, ಕೊಟ್ಟಿದ್ದೂ ಫ್ಲ್ಯಾಕೇ, ಆದ್ರೆ ತಂಬೂರಿ ಯಾಕೋ ಮಂಕಾಗಿ ಕೇಳ್ತಿತ್ತು. ಯಾವ ಎತ್ತರದ ಸ್ವರ ಎಷ್ಟಿದೆ ಅಂತ ಚಿತ್ರ ಬಿಡಿಸಿ ತೋರಿಸೋ ಸ್ಪೆಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದ್ರೆ 16 ಕಿಲೋಹರ್ಟ್ಸ್ ಮೇಲೆ ಚಾಕುವಲ್ಲಿ ಕುಯ್ದ ಹಾಗೆ ಪೂರ್ತಿ ಕಪ್ಪು. ಅದೇ ಸಿಡಿನ ಆಮೇಲೆ ನಾನೇ ತೆಗೆದಾಗ 20 ದಾಟಿತ್ತು. ಸೈಜ್ ಉಳಿಸೋಕೆ ಸೌಂಡ್ ಕತ್ತರಿಸೋ ಎಂಪಿ3 ಮಾಡಿ ಅದನ್ನೇ ಫ್ಲ್ಯಾಕ್ ಡಬ್ಬಕ್ಕೆ ತುಂಬಿದ್ರು ಅಷ್ಟೆ.

ಸರಿ ಅಂತ ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ತಗೊಂಡು ಸಿಡಿಯಿಂದ ಹಾಡನ್ನ ಫೈಲಾಗಿ ತೆಗೆಯೋ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡೆ. ವಿಂಡೋಸ್‌ಗೆ ಫ್ರೀ. ನೋಡೋಕೆ ಅಜ್ಜನ ಕಾಲದ್ದು, ಸೆಟ್ಟಿಂಗ್ಸ್‌ನಲ್ಲಿ ಒಂದು ಸಂಜೆ ಹೋಯ್ತು, ಆದ್ರೆ ಕೆಲಸ ಮಾತ್ರ ಲೆಕ್ಕದ ಮೇಷ್ಟ್ರ ಥರ. ಸೆಕ್ಯೂರ್ ಮೋಡ್‌ನಲ್ಲಿ ಪ್ರತಿ ಚೂರನ್ನೂ ಕನಿಷ್ಠ ಎರಡು ಸಲ ಓದುತ್ತೆ, ಎರಡೂ ತಾಳೆ ಆಗ್ಲಿಲ್ಲ ಅಂದ್ರೆ 16-16 ಸಲ ಮತ್ತೆ ಮತ್ತೆ ಓದಿ, ಎಂಟು ಸಲ ಒಂದೇ ಉತ್ತರ ಬಂದ್ರೆ ಮಾತ್ರ ಒಪ್ಕೊಳ್ಳುತ್ತೆ, ಅಷ್ಟು ಹೊತ್ತೂ ಪರದೆ ಮೇಲೆ ಕೆಂಪು ದೀಪ ಒಂದೊಂದಾಗಿ ಹತ್ಕೊಂಡು ಹೋಗ್ತಿರುತ್ತೆ. ಗೀರು ಬಿದ್ದ ಒಂದು ಸಿಡಿಗೆ ಮೂರು ಗಂಟೆ ಕೂತಿದೀನಿ.

ಇಂಟರ್ನೆಟ್ಟಲ್ಲಿ ಆಕ್ಯುರೇಟ್‌ರಿಪ್ ಅಂತ ಒಂದು ಪಟ್ಟಿ ಇದೆ, ಬೇರೆಯವ್ರು ಅದೇ ಸಿಡಿ ತೆಗೆದಿದ್ರೆ ಅವರ ಲೆಕ್ಕಕ್ಕೂ ನಮ್ಮದಕ್ಕೂ ಹೋಲಿಸಿ ಹೇಳುತ್ತೆ. ನನ್ನ ಹಿಂದೂಸ್ತಾನಿ ಸಿಡಿ ಕೆಲವು ಸಿಕ್ವು, ಕನ್ನಡದ್ದು ಹೆಚ್ಚುಕಮ್ಮಿ ಯಾವ್ದೂ ಇಲ್ಲ. ಅಂಥದ್ದಕ್ಕೆ ಟೆಸ್ಟ್ ಅಂಡ್ ಕಾಪಿ ಒತ್ತಿ, ಎರಡು ಸಲ ಓದಿ ಸಿಆರ್‌ಸಿ (ಓದಿದ್ದನ್ನ ಲೆಕ್ಕ ಹಾಕಿ ಕೊಡೋ ಗುರುತಿನ ಸಂಖ್ಯೆ) ಒಂದೇ ಬಂದ್ರೆ ನೆಮ್ಮದಿ. ಹಾಡಿನ ಹೆಸರೂ ಅಷ್ಟೆ, ಕವರ್ ನೋಡ್ಕೊಂಡು ನಾವೇ ಟೈಪ್ ಮಾಡ್ಬೇಕು. ಕನ್ನಡದಲ್ಲೇ ಬರೆದೆ, ಫೋನಲ್ಲಿ ಚೆನ್ನಾಗಿ ಕಾಣುತ್ತೆ, ಕಾರಲ್ಲಿ ಬರೀ ಡಬ್ಬಿ ಡಬ್ಬಿ.

ಒಂದು ಗಂಟೆ ಸಿಡಿ 600 ಎಂಬಿ ಮೇಲಿರುತ್ತೆ, ಫ್ಲ್ಯಾಕ್ ಆದ್ಮೇಲೆ ನನಗೆ 300 ಆಸುಪಾಸು ಬಂತು. ಕಂಪ್ರೆಷನ್ 0 ಇಂದ 8 ತನಕ ಯಾವ್ದಿಟ್ರೂ ಸೌಂಡ್ ಒಂದೇ, ಸೈಜ್ ಮಾತ್ರ ಬೇರೆ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಒಂದೇ ಸಿಡಿಲಿ 100 ಹಾಡು ಅಂತ ಮಾರ್ತಿದ್ದ ಎಂಪಿ3 ಸಿಡಿಗಳನ್ನೂ ಫ್ಲ್ಯಾಕ್ ಮಾಡೋಕೆ ಹೋಗ್ಬೇಡಿ, ಇದ್ದ ಹಾಗೇ ಕಾಪಿ ಮಾಡ್ಕೊಳ್ಳಿ.

ಮೂರು ಸಿಡಿ ಏನ್ ಮಾಡಿದ್ರೂ ಬರ್ಲಿಲ್ಲ. ಎಲ್ರೂ ಕೆಳಗಿನ ಹೊಳೆಯೋ ಕಡೆ ಗೀರಾಗ್ದೆ ನೋಡ್ಕೋತಾರೆ, ಆದ್ರೆ ಹಾಡು ಕೂತಿರೋ ಪದರ ಇರೋದು ಮೇಲೆ, ಲೇಬಲ್‌ಗೆ ಅಂಟ್ಕೊಂಡೇ. ಅಪ್ಪ ಅಲ್ಲೇ ಬಾಲ್‌ಪೆನ್ನಲ್ಲಿ ಒತ್ತಿ ಒತ್ತಿ ನಂಬರ್ ಬರೆದಿದ್ರು. ಟ್ಯೂಬ್‌ಲೈಟಿಗೆ ಅಡ್ಡ ಹಿಡಿದ್ರೆ 47 ಅಂತ ಬೆಳಕಲ್ಲೇ ಓದ್ಬೋದು.