ಹೊಳೆಯುವ ಚಾಸಿಯನ್ನು ನಂಬಬೇಡಿ: ಅರ್ಧ ಕಟ್ಟಿದ ಹಾಟ್ ರಾಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಬೆಸುಗೆಯ ಗುರುತೇ ಕಾಣದಂತೆ ಉಜ್ಜಿ ನಯಗೊಳಿಸಿ, ಮೇಲೆ ಹೊಳೆಯುವ ಕಪ್ಪು ಬಣ್ಣ ಬಳಿದ ಹಾಟ್ ರಾಡ್ ಚಾಸಿಯನ್ನು ಯಾರಾದರೂ ನಿಮಗೆ ಮಾರಲು ಬಂದರೆ, ಆ ನಯವನ್ನೇ ಮೊದಲು ಅನುಮಾನಿಸಿ. ಹಾಟ್ ರಾಡ್ ಎಂದರೆ ಹಳೆಯ ಕಾರಿಗೆ ಹೆಚ್ಚು ಬಲದ ಎಂಜಿನ್ ಕೂರಿಸಿ ಹೊಸದಾಗಿ ಕಟ್ಟಿದ ಗಾಡಿ; ಚಾಸಿ ಎಂದರೆ ಅದನ್ನೆಲ್ಲ ಹೊರುವ ಉಕ್ಕಿನ ಅಡಿಚೌಕಟ್ಟು. "ಚಾಸಿ ಕೆಲಸವೆಲ್ಲ ಮುಗಿದಿದೆ, ಇನ್ನು ವೈರಿಂಗ್ ಮತ್ತು ಸೀಟಿನ ಕೆಲಸವಷ್ಟೇ ಬಾಕಿ" ಎಂಬ ಭರವಸೆಯ ಮೇಲೆ ನಾನು ಕೊಂಡ ಅರೆಬರೆ ಗಾಡಿಯೊಂದು ನನ್ನ ಗ್ಯಾರೇಜಿನಿಂದ ಹೊರಬೀಳುವ ಮೊದಲೇ ತನ್ನ ಬಣ್ಣ ಬಯಲು ಮಾಡಿತು. ರಸ್ತೆಗಿಳಿದ ಮೇಲೆ ಬಯಲಾಗಿದ್ದರೆ ಇದನ್ನು ಬರೆಯಲು ನಾನು ಉಳಿದಿರುತ್ತಿದ್ದೆನೋ ಇಲ್ಲವೋ ಹೇಳಲಾರೆ. ಕಟ್ಟಿ ಮಾರಿದವರ ಹೆಸರನ್ನು ಇಲ್ಲಿ ಎತ್ತುವುದಿಲ್ಲ; ಇಂತಹ ಕೆಲಸ ಮಾಡುವವರು ಅವರೊಬ್ಬರೇ ಅಲ್ಲವಾದ್ದರಿಂದ, ಹೆಸರಿಗಿಂತ ಕೆಲಸದ ಗುರುತು ಹಿಡಿಯುವುದನ್ನು ಕಲಿಯುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗಾಡಿ ಫೋರ್ಡ್ ಮಾಡೆಲ್ ಎ. 1928ರಿಂದ 1931ರವರೆಗಿನ ಮಾಡೆಲ್ ವರ್ಷಗಳ ಈ ಕಾರಿಗೆ ಫೋರ್ಡ್ ಕಂಪನಿ ಕೊಟ್ಟಿದ್ದು 40 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಎಂಜಿನ್. ಅದರ ಚಾಸಿಯ ಉದ್ದನೆಯ ತೊಲೆಗಳು ಒಂದು ಬದಿ ತೆರೆದಿರುವ, ಇಂಗ್ಲಿಷಿನ 'ಸಿ' ಅಕ್ಷರದ ಆಕಾರದವು. ಬ್ರೇಕುಗಳು ಎಣ್ಣೆಯಿಂದಲ್ಲ, ಸರಳುಗಳ ಎಳೆತದಿಂದ ಹಿಡಿಯುವಂಥವು. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದೇ 1939ರಲ್ಲಿ. ಇಂತಹ ಚಾಸಿಯ ಮೇಲೆ 1955ರಲ್ಲಿ ಹುಟ್ಟಿದ ಶೆವ್ರೊಲೆ ಸ್ಮಾಲ್ ಬ್ಲಾಕ್ ವಂಶದ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿದರೆ, ಮೂಲ ತೊಲೆಗಳು ಎಂದೂ ಕಾಣದಷ್ಟು ತಿರುಚುವ ಬಲ ಅವುಗಳ ಮೇಲೆ ಬೀಳುತ್ತದೆ. ಆದ್ದರಿಂದಲೇ ತೊಲೆಯ ತೆರೆದ ಬದಿಗೆ ಉಕ್ಕಿನ ಪ್ಲೇಟು ಬೆಸೆದು ಅದನ್ನು ಮುಚ್ಚಿದ ಪೆಟ್ಟಿಗೆಯಾಗಿಸುವುದು, ಹೊಸ ಅಡ್ಡತೊಲೆಗಳನ್ನು ಹಾಕುವುದು, ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಒಯ್ಯುವ ಗೇರುಗಳಿರುವ ಸ್ಟೀರಿಂಗ್ ಬಾಕ್ಸಿಗೆ ಗಟ್ಟಿಯಾದ ಆಧಾರ ಕೊಡುವುದು ಎಲ್ಲವೂ ಅನಿವಾರ್ಯವಾಗುತ್ತದೆ. ತೊಲೆಯನ್ನು ಪೆಟ್ಟಿಗೆಯಾಗಿಸುವ ಈ ಬಾಕ್ಸಿಂಗ್ ಕೆಲಸ ಪೂರ್ತಿ ಆಗಿದೆ ಎಂಬ ಕಾರಣಕ್ಕೇ ನಾನು ಆ ಗಾಡಿಯನ್ನು ಆರಿಸಿದ್ದು, ಮತ್ತು ಬೆಲೆಯ ಬಹುಪಾಲು ಹೋದದ್ದೂ ಅದಕ್ಕೇ.

ಎಂಜಿನನ್ನು ಚಾಸಿಯೊಳಕ್ಕೆ ಇಳಿಸಿ ಕೂರಿಸಿ, ಗಾಡಿಯನ್ನು ಅದರ ಚಕ್ರಗಳ ಮೇಲೆ ನಿಲ್ಲಿಸಿದ ಮೇಲೆ, ಸ್ನೇಹಿತರೊಬ್ಬರನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಅದನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲು ಹೇಳಿ, ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ಬಗ್ಗಿ ನೋಡಿದೆ. ನಿಂತ ಗಾಡಿಯಲ್ಲಿ ಟೈರುಗಳು ನೆಲವನ್ನು ಬಿಗಿಯಾಗಿ ಹಿಡಿದಿರುವುದರಿಂದ, ಸ್ಟೀರಿಂಗಿನ ಬಲವೆಲ್ಲ ಬಾಕ್ಸಿನ ಆಧಾರದ ಮೇಲೆ ಬೀಳುತ್ತದೆ. ದೋಷವಿದ್ದರೆ ಅಲ್ಲಿ ಕಾಣಲೇಬೇಕು. ಕಂಡಿತು. ಚಕ್ರಗಳು ಅಲುಗುವ ಮೊದಲು ಸ್ಟೀರಿಂಗ್ ಬಾಕ್ಸೇ ತೊಲೆಯೊಂದಿಗೆ ಹೊರಳುತ್ತಿತ್ತು, ಮತ್ತು ಪ್ರತಿ ಸಲ ಹೊರಳಿದಾಗಲೂ ಆಧಾರದ ಪ್ಲೇಟಿನ ಅಂಚಿನಲ್ಲಿ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆಯೊಂದು ಬಾಯಿ ತೆರೆದು ಮುಚ್ಚುತ್ತಿತ್ತು. ಆ ಗೆರೆಗೆ ಸ್ಕ್ರೂಡ್ರೈವರಿನ ತುದಿ ಕೊಟ್ಟು ಮೀಟಿದಾಗ ಕಪ್ಪು ಬಣ್ಣ ಚಕ್ಕೆಯಾಗಿ ಎದ್ದು, ಅದರ ಹಿಂದೆ ತಿಳಿ ಬೂದು ಬಣ್ಣದ ಪುಡಿ ಉದುರಿತು. ಕಬ್ಬಿಣ ಪುಡಿಯಾಗಿ ಉದುರುವುದಿಲ್ಲ. ಅದು ಬಾಡಿಯ ಗುಳಿ ತುಂಬಲು ಬಳಸುವ ಪುಟ್ಟಿ. ಗಾಡಿಯ ಸ್ಟೀರಿಂಗನ್ನು ಹಿಡಿದು ನಿಲ್ಲಿಸಬೇಕಾದ ಜಾಗದಲ್ಲಿ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದಿದ್ದರು.

ಅಂದೇ ಎಂಜಿನ್ ಮೇಲೆತ್ತಿ ಚಾಸಿಯ ಬಣ್ಣವನ್ನೆಲ್ಲ ಕಿತ್ತೆಸೆಯುವ ಕೆಲಸ ಶುರುವಾಯಿತು. ತೊಲೆಗಳ ಉದ್ದಕ್ಕೂ ಪುಟ್ಟಿಯ ಕೆಳಗೆ ಸಿಕ್ಕಿದ್ದು, ಗ್ರೈಂಡರಿನಿಂದ ಮಟ್ಟಸವಾಗಿ ತೆಗೆದ ಬೆಸುಗೆ. ಬಾಕ್ಸಿಂಗ್ ಪ್ಲೇಟು ಕೂರಿಸುವಾಗ ಅದರ ಅಂಚನ್ನು ಓರೆಯಾಗಿ ಕೆತ್ತಿ, ತೊಲೆಗೂ ಪ್ಲೇಟಿಗೂ ನಡುವೆ ಕಿರಿದಾದ ಸಂದು ಬಿಟ್ಟು, ಕರಗಿದ ಲೋಹ ಎರಡರ ದಪ್ಪದೊಳಕ್ಕೂ ಇಳಿಯುವಂತೆ ಬೆಸೆಯಬೇಕು. ಹಾಗೆ ಬೆಸೆದಿದ್ದರೆ ಆಮೇಲೆ ಮೇಲ್ಭಾಗವನ್ನು ಹದವಾಗಿ ಉಜ್ಜಿದರೂ ಒಳಗೆ ಹಿಡಿತ ಉಳಿದಿರುತ್ತದೆ. ಇಲ್ಲಿ ಅಂಚುಗಳನ್ನು ಕೆತ್ತಿರಲಿಲ್ಲ. ಚಿಕ್ಕ ಮಿಗ್ ಬೆಸುಗೆ ಮಷೀನನ್ನು ಅದರ ಶಕ್ತಿಗೆ ಮೀರಿದ ದಪ್ಪಕ್ಕೆ ಬಳಸಿದ್ದರಿಂದ ತೊಲೆಯ ಲೋಹ ಸರಿಯಾಗಿ ಕರಗದೆ, ಬೆಸುಗೆ ಗೋಡೆಗೆ ಮೆತ್ತಿದ ಮಣ್ಣಿನ ಹೆಂಟೆಯಂತೆ ಮೇಲೆಯೇ ಕುಳಿತಿತ್ತು. ಇದ್ದ ಅಷ್ಟಿಷ್ಟು ಹಿಡಿತವೂ ಆ ಉಬ್ಬಿನಲ್ಲೇ ಇತ್ತು. ಅಂದಕ್ಕಾಗಿ ಉಬ್ಬನ್ನು ಉಜ್ಜಿದಾಗ ಅದೂ ಹೋಯಿತು. ಉಳಿದ ಸಂದುಗೊಂದುಗಳಿಗೆ ಪುಟ್ಟಿ ತುಂಬಿದ್ದರು. ಬೆಸುಗೆ ಬಾರದವರು ಬೆಸುಗೆ ಹಾಕುವುದು ಒಂದು ತಪ್ಪು, ಕಲಿಯುವವರೆಲ್ಲರೂ ಅದನ್ನು ದಾಟಿಯೇ ಬರುತ್ತಾರೆ. ಅದನ್ನು ಪುಟ್ಟಿಯಿಂದ ಮುಚ್ಚುವುದು ಬೇರೆಯೇ ಜಾತಿಯ ತಪ್ಪು, ಏಕೆಂದರೆ ಮುಚ್ಚುವ ಕೈಗೆ ದೋಷ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಚಾಸಿಯ ಎದುರುಬದುರು ಮೂಲೆಗಳ ನಡುವೆ ಟೇಪು ಹಿಡಿದು ನೋಡಿದಾಗ ಎರಡು ಕರ್ಣಗಳೂ ಒಂದೇ ಅಳತೆಗೆ ಬರಲಿಲ್ಲ. ಉದ್ದನೆಯ ಪ್ಲೇಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಬೆಸೆಯುತ್ತ ಹೋದರೆ, ತಣ್ಣಗಾಗುವ ಲೋಹ ಕುಗ್ಗಿ ತೊಲೆಯನ್ನು ಎಳೆದು ಬಾಗಿಸುತ್ತದೆ. ಇದನ್ನು ತಪ್ಪಿಸಲೆಂದೇ ಚಾಸಿಯನ್ನು ಗಟ್ಟಿಯಾದ ಚೌಕಟ್ಟಿಗೆ ಬಿಗಿದು, ಇಲ್ಲೊಂದು ಅಂಗುಲ ಅಲ್ಲೊಂದು ಅಂಗುಲ ಎಂದು ಜಾಗ ಬದಲಿಸುತ್ತ, ನಡುವೆ ಆರಲು ಬಿಟ್ಟು ಬೆಸೆಯುತ್ತಾರೆ.

ಮುಂದಿನ ಚಕ್ರಗಳನ್ನು ತಿರುಗಿಸುವ ತೋಳಾದ ಸ್ಟೀರಿಂಗ್ ಆರ್ಮಿನ ವಿಷಯ ಇದಕ್ಕಿಂತಲೂ ಭಯಂಕರ. ಗಾಡಿ ನೋಡಲು ಬಂದವರೆಲ್ಲ ಮೊದಲು ಹೊಗಳುತ್ತಿದ್ದದ್ದು ಮುಂಭಾಗದ ಕ್ರೋಮ್ ಸಾಮಾನುಗಳನ್ನೇ. ಆರ್ಮ್ ಕೂಡ ಅವುಗಳಲ್ಲೊಂದು. ಬೆಳಕನ್ನು ಓರೆಯಾಗಿ ಹಿಡಿದು ನೋಡಿದಾಗ ಅದರ ನಡುವಿನಲ್ಲಿ, ಕ್ರೋಮಿನ ಕೆಳಗೆ, ಉಂಗುರದಂಥ ಒಂದು ಮಸುಕಾದ ಏಣು ಕಾಣಿಸಿತು. ಉದ್ದ ಸಾಲದ ಆರ್ಮನ್ನು ಕತ್ತರಿಸಿ, ನಡುವೆ ತುಂಡು ಸೇರಿಸಿ, ಬೆಸೆದು, ಉಜ್ಜಿ, ಕ್ರೋಮ್ ಹಾಕಿಸಿದ್ದರು. ಈ ಆರ್ಮ್ ಕಾಯಿಸಿ ಬಡಿದು ರೂಪಿಸಿ, ಶಾಖದಿಂದ ಹದಗೊಳಿಸಿದ ಉಕ್ಕಿನದು. ಬೆಸುಗೆಯ ಶಾಖ ತಗುಲಿದ ಜಾಗದಲ್ಲಿ ಆ ಹದ ಕೆಡುತ್ತದೆ. ಅದರ ಮೇಲೆ ಕ್ರೋಮ್ ಲೇಪನ ಇನ್ನೊಂದು ಅಪಾಯವನ್ನು ತರುತ್ತದೆ. ಗಡುಸಾದ ಉಕ್ಕನ್ನು ಆಮ್ಲದಲ್ಲಿ ಅದ್ದಿ, ವಿದ್ಯುತ್ ಹರಿಸಿ ಲೇಪನ ಮಾಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಂಡು ಅದನ್ನು ಪೆಡಸಾಗಿಸುತ್ತದೆ. ಲೇಪನವಾದ ಕೂಡಲೇ ಸುಮಾರು 190 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲಿನ ಶಾಖದಲ್ಲಿ ಕೆಲವು ಗಂಟೆಗಳ ಕಾಲ ಕಾಯಿಸಿ ಆ ಹೈಡ್ರೋಜನನ್ನು ಹೊರಹಾಕದಿದ್ದರೆ, ಅಂತಹ ಭಾಗ ಬಾಗಿ ಮುನ್ಸೂಚನೆ ಕೊಡದೆ, ಹೊರೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ಒಮ್ಮೆಲೇ ತುಂಡಾಗಬಹುದು. ಸ್ಪ್ರಿಂಗುಗಳಿಗೂ ಹೆಚ್ಚು ಬಲದ ಬೋಲ್ಟುಗಳಿಗೂ ಇದೇ ಮಾತು. ಕ್ರೋಮ್ ಹಾಕಿಸಿದವರಲ್ಲಿ ಕಾಯಿಸಿದ ದಾಖಲೆ ಕೇಳಿ; ದಾಖಲೆ ಇಲ್ಲವೆಂದರೆ ಆ ಭಾಗವನ್ನು ಗೋಡೆಗೆ ನೇತುಹಾಕಲು ಮಾತ್ರ ಬಳಸಿ.

ಬ್ರೇಕಿನ ದೋಷವನ್ನು ಹುಡುಕಲು ಓಡಿಸುವ ಅಗತ್ಯವೇ ಬೀಳಲಿಲ್ಲ. ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಪೆಡಲ್ ಒತ್ತಿ ಬಿಟ್ಟು, ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ಸಲೀಸಾಗಿ ತಿರುಗದೆ ಒರಸುತ್ತಿತ್ತು. ಹಾಟ್ ರಾಡುಗಳಲ್ಲಿ, ಪೆಡಲ್ ಒತ್ತಿದಾಗ ಬ್ರೇಕಿನ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಅನೇಕ ವೇಳೆ ನೆಲಹಲಗೆಯ ಕೆಳಗೆ, ಚಕ್ರದ ಬ್ರೇಕಿಗಿಂತ ಕೆಳಮಟ್ಟದಲ್ಲಿ ಇರುತ್ತದೆ. ಹೀಗಿದ್ದಾಗ ಎಣ್ಣೆ ಹಿಂದಕ್ಕೆ ಹರಿದು ಬರದಂತೆ ಡಿಸ್ಕ್ ಬ್ರೇಕಿನ ಕೊಳವೆಗೆ 2 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡ ಉಳಿಸುವ ವಾಲ್ವ್ ಬೇಕು. ಡ್ರಮ್ ಬ್ರೇಕಿಗೆ ಬೇಕಾದದ್ದು 10 ಪಿಎಸ್‌ಐ. ಸಾಮಾನ್ಯವಾಗಿ 2ರದು ನೀಲಿ, 10ರದು ಕೆಂಪು. ನನ್ನ ಗಾಡಿಯಲ್ಲಿ ಮುಂದಿನ ಡಿಸ್ಕಿಗೆ ಕೆಂಪು, ಹಿಂದಿನ ಡ್ರಮ್ಮಿಗೆ ನೀಲಿ ಹಾಕಿದ್ದರು. ಹಾಗೆಯೇ ರಸ್ತೆಗಿಳಿದಿದ್ದರೆ ಪ್ಯಾಡುಗಳು ಡಿಸ್ಕನ್ನು ಬಿಡದೆ ಒರಸುತ್ತ ಬಿಸಿಯಾಗಿ, ಎಣ್ಣೆ ಕುದಿದು, ಪೆಡಲ್ ನೆಲ ಮುಟ್ಟುತ್ತಿತ್ತು. ಸಾಲದ್ದಕ್ಕೆ, ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ಪೆಡಲಿನ ತಳ್ಳುಸರಳಿಗೂ ನಡುವೆ ಇರಬೇಕಾದ ಕಿರಿದಾದ ಬಿಡುವೂ ಇರಲಿಲ್ಲ. ಆ ಬಿಡುವಿಲ್ಲದಿದ್ದರೆ ಎಣ್ಣೆ ವಾಪಸು ಹೋಗುವ ರಂಧ್ರ ಮುಚ್ಚಿಕೊಂಡು ಬ್ರೇಕು ತಾನಾಗಿಯೇ ಬಿಗಿಯುತ್ತ ಹೋಗುತ್ತದೆ.

ಕೊಳವೆಗಳ ತುದಿಗಳನ್ನು ಬಿಚ್ಚಿದಾಗ 37 ಡಿಗ್ರಿಯ ಜೋಡಣೆಗೆ 45 ಡಿಗ್ರಿಯಲ್ಲಿ ಅರಳಿಸಿದ ಕೊಳವೆಯನ್ನು ಸೇರಿಸಿ, ಸೋರುವುದು ನಿಲ್ಲುವವರೆಗೆ ನಟ್ಟನ್ನು ಬಿಗಿದಿರುವುದು ಕಂಡಿತು. ಕೊಳವೆಯ ಬಾಯಿ ಒಂದು ಕಡೆ ಜಜ್ಜಿ, ಇನ್ನೊಂದು ಕಡೆ ಸೀಳಿಕೊಂಡಿತ್ತು. ವೈರಿಂಗ್ ನನ್ನ ಪಾಲಿನ ಕೆಲಸವಾಗಿದ್ದರಿಂದ ಅದರ ಮಾತು ಬೇಡ. ಪೆಟ್ರೋಲಿನ ರಬ್ಬರ್ ಕೊಳವೆ ಸೈಲೆನ್ಸರ್ ಪೈಪಿಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗಿತ್ತು ಎಂದಷ್ಟೇ ಹೇಳುತ್ತೇನೆ.

ಚಿತ್ರಗಳನ್ನೆಲ್ಲ ಕಳಿಸಿದಾಗ ಮಾರಿದವರಿಂದ ಬಂದ ಮೊದಲ ಉತ್ತರ, "ನೀವು ಅರ್ಧ ಆದ ಗಾಡಿ ಎಂದು ತಿಳಿದೇ ಕೊಂಡಿದ್ದೀರಿ" ಎಂಬುದು. ಎರಡನೆಯದು, "ಹಾಟ್ ರಾಡ್ ಅಂದರೆ ಕೈಗೆ ಸಿಕ್ಕ ಸಾಮಾನಿನಲ್ಲಿ ಕಟ್ಟುವುದೇ, ಮೊದಲಿನಿಂದಲೂ ಹೀಗೇ." ಮೊದಲನೆಯದಕ್ಕೆ ನನ್ನ ಬಳಿ ಬರಹದಲ್ಲಿ ಉತ್ತರವಿತ್ತು, ಏಕೆಂದರೆ ಚಾಸಿ ಪೂರ್ತಿ ಎಂದು ಅವರೇ ಬರೆದುಕೊಟ್ಟಿದ್ದರು, ಹಣದ ಒಂದು ಭಾಗ ವಾಪಸು ಬಂದದ್ದು ಆ ಒಂದು ಸಾಲಿನಿಂದಲೇ. ಎರಡನೆಯ ಮಾತು ಮಾತ್ರ ನನ್ನನ್ನು ಹೆಚ್ಚು ಕೆರಳಿಸಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಸರೋವರಗಳ ಬಯಲಿನಲ್ಲಿ ಗುಜರಿ ಸಾಮಾನಿನ ಗಾಡಿಗಳನ್ನು ಓಡಿಸುತ್ತಿದ್ದ ಹುಡುಗರೇ 1937ರಲ್ಲಿ, ವೇಗ ಅಳೆಯುವ ಓಟಗಳನ್ನು ನಡೆಸುವ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವರು. ಅಮೆರಿಕದ ಯೂಟಾ ರಾಜ್ಯದ ಬೋನ್ವಿಲ್ಲಿನ ಉಪ್ಪಿನ ಬಯಲಿನಲ್ಲಿ ಇಂದಿಗೂ ಆ ಸಂಸ್ಥೆಯ ಕೂಟಗಳಲ್ಲಿ ತಪಾಸಣೆಯಾಗದ ಗಾಡಿ ಓಟ ಶುರುವಾಗುವ ಗೆರೆಯ ಹತ್ತಿರವೂ ಹೋಗುವಂತಿಲ್ಲ. ಪರಂಪರೆಯ ಹೆಸರು ಹೇಳುವವರು ಅದನ್ನೂ ಸೇರಿಸಿ ಹೇಳಬೇಕು.

ಕೊಳ್ಳಲು ಹೊರಟವರು ಮಾಡಬೇಕಾದದ್ದು ಇಷ್ಟು. ಗ್ರೈಂಡರ್ ಮುಟ್ಟಿಸುವ ಮೊದಲಿನ ಬೆಸುಗೆಯ ಚಿತ್ರಗಳನ್ನು ಕೇಳಿ. ಕೆಲಸದ ಮೇಲೆ ಅಭಿಮಾನವಿದ್ದವರು ಕೇಳದೆಯೇ ತೋರಿಸುತ್ತಾರೆ. ಚಿಕ್ಕದೊಂದು ಆಯಸ್ಕಾಂತ ಜೇಬಿನಲ್ಲಿರಲಿ, ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯುವುದಿಲ್ಲ ಅಥವಾ ಸಡಿಲವಾಗಿ ಹಿಡಿಯುತ್ತದೆ. ಸ್ಟೀರಿಂಗ್ ಬಾಕ್ಸಿನ ಆಧಾರ, ಸಸ್ಪೆನ್ಷನ್ ಸೇರುವ ಬ್ರಾಕೆಟ್ಟುಗಳು, ಅಡ್ಡತೊಲೆಯ ಮೂಲೆಗಳು, ಈ ಜಾಗಗಳಲ್ಲಿ ಅಂಗೈಯಗಲ ಬಣ್ಣ ಕೆರೆದು ನೋಡಲು ಅನುಮತಿ ಕೇಳಿ. ಕೆರೆದ ಜಾಗಕ್ಕೆ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಲು ಯಂತ್ರವೇನೂ ಬೇಡ: ಜಿಡ್ಡು ತೆಗೆದು, ಕೆಂಪು ದ್ರವ ಸಿಂಪಡಿಸಿ, ಹತ್ತು ನಿಮಿಷಕ್ಕೂ ಹೆಚ್ಚು ಬಿಟ್ಟು, ಬಟ್ಟೆಯಿಂದ ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿದರೆ, ಬಿರುಕಿದ್ದಲ್ಲಿ ಬಿಳುಪಿನ ಮೇಲೆ ಕೆಂಪು ಗೆರೆ ಮೂಡುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕು ಮಾತ್ರ ಇದರಲ್ಲಿ ಸಿಗುತ್ತದೆ, ಒಳಗಿನ ಟೊಳ್ಳು ಸಿಗುವುದಿಲ್ಲ ಎಂಬುದು ನೆನಪಿರಲಿ. ಬಣ್ಣ ಹಾಳಾಗುತ್ತದೆಂದು ಮಾರುವವರು ತಕರಾರು ಮಾಡಿದರೆ, ಮತ್ತೆ ಬಳಿಸಿಕೊಡುವ ಖರ್ಚು ನನ್ನದೆಂದು ಹೇಳಿ ನೋಡಿ. ಆಗಲೂ ಒಪ್ಪದಿದ್ದರೆ ಆ ಗಾಡಿ ಬೇಡ.

ನನ್ನ ಚಾಸಿಯ ಬಾಕ್ಸಿಂಗ್ ಪ್ಲೇಟುಗಳನ್ನೆಲ್ಲ ಕತ್ತರಿಸಿ ತೆಗೆಸಿ, ಉಕ್ಕಿನ ಕಟ್ಟಡಗಳಿಗೆ ಬೆಸುಗೆ ಹಾಕುವ ಅನುಭವಸ್ಥರಿಂದ ಹೊಸದಾಗಿ ಮಾಡಿಸಿದ್ದೇನೆ. ಮೊದಲಿನಿಂದ ಕಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಖರ್ಚು ಬಂದಿತು. ಬ್ರೇಕಿನ ಕೊಳವೆಗಳೆಲ್ಲ ಹೊಸವು. ಕ್ರೋಮ್ ಆರ್ಮ್ ಕೊಳ್ಳಲು ಇಬ್ಬರು ಮುಂದೆ ಬಂದಿದ್ದರು, ಕೊಡಲಿಲ್ಲ. ಗುಜರಿಗೆ ಇಡಿಯಾಗಿ ಹಾಕಿದ ಇಂತಹ ಸಾಮಾನು ತಿರುಗಿ ಇನ್ನೊಬ್ಬರ ಗಾಡಿಗೆ ಏರುವುದು ಅಪರೂಪವೇನಲ್ಲವಾದ್ದರಿಂದ, ಅದನ್ನು ಗರಗಸದಿಂದ ಎರಡು ಕಡೆ ಕೊಯ್ದೇ ಹಾಕಿದೆ. ನಿಮಗೂ ಇಂಥದ್ದು ಸಿಕ್ಕರೆ ಹಾಗೆಯೇ ಮಾಡಿ.